ಬೆನ್ನು ತಿರುಗಿಸಿದ ಜಾಗ

ಸಮುದ್ರದ ತಳ ತಿಳಿಯಲು ನೀರಿಗೆ ಇಳಿಯಬೇಕಾಗಿಲ್ಲ, ಗುಡ್ಡದ ಮೇಲೆ ನಿಂತು ತೆರೆಯ ನಡಿಗೆ ನೋಡಿದರೆ ಸಾಕು. ತಾರಿಬೇಲೆಯ ಜಟ್ಟಪ್ಪ ಹರಿಕಂತ್ರನಿಗೆ ಈ ಮಾತು ಹೇಳಿಕೊಟ್ಟವನು ಅವನ ಅಜ್ಜ. ಅರವತ್ತು ದಾಟಿದ ಮೇಲೆ ಅದೇ ಮಾತನ್ನು ಒಂದು ಮೆಷಿನ್ನು ಅವನಿಗೆ ತಿರುಗಿಸಿ ಹೇಳಿತು. ಹೇಳಿ ಅವನ ಮನೆ ತೊಳೆಯಿತು.

ಆ ಮೆಷಿನ್ನಿಗೆ ಕಾಗದದಲ್ಲಿ ಉದ್ದದ ಹೆಸರೊಂದಿತ್ತು. ಊರವರು ತೆರೆಗಣ್ಣು ಅನ್ನುತ್ತಿದ್ದರು. ಹೊಳೆ ಕಡಲು ಸೇರುವ ಅಳಿವೆಯ ಪಕ್ಕದ ಗುಡ್ಡದ ತುದಿಯಲ್ಲಿ ಒಂದು ರಾಡಾರು, ಒಂದು ಕ್ಯಾಮರಾ. ಅದರ ಮೇಲೆ ಆಕಾಶದಲ್ಲಿ ದಿನಕ್ಕೆ ಆರು ಸಲ ಹಾದುಹೋಗುವ ಉಪಗ್ರಹಗಳು. ಎಲ್ಲ ಸೇರಿ ಎರಡು ತೆರೆಗಳ ನಡುವೆ ಎಷ್ಟು ದೂರ, ತೆರೆ ಎಷ್ಟು ಬೇಗ ಓಡುತ್ತದೆ ಎಂದು ಅಳೆಯುತ್ತಿದ್ದವು. ಆಳವಿದ್ದಲ್ಲಿ ತೆರೆ ಉದ್ದ ಹೆಜ್ಜೆ ಹಾಕುತ್ತದೆ. ಕೆಳಗೆ ಮರಳು ಹತ್ತಿರವಾದಲ್ಲಿ ಎಡವಿ ಹೆಜ್ಜೆ ಚಿಕ್ಕದು ಮಾಡುತ್ತದೆ. ಅಷ್ಟರಿಂದಲೇ ಮೆಷಿನ್ನು ದಂಡೆಯ ನೀರಿನ ಆಳ ಬಿಡಿಸಿ, ಸೈನಿಕರ ದೋಣಿ ಯಾವ ದಾರಿಯಲ್ಲಿ ಬಂದು ಮರಳಿಗೆ ಹತ್ತಬೇಕು ಎಂದು ಹಸಿರು ಗೆರೆ ಎಳೆಯುತ್ತಿತ್ತು. ಮುಳುಗುಗಾರರನ್ನು ಮುಂದೆ ಕಳಿಸಿ ನೀರು ಅಳೆಸುವ ಕೆಲಸವೇ ಇಲ್ಲ. ಕಡಲ ಪಡೆಯವರಿಗೆ ಬೇಕಾದದ್ದು ಅದೇ.

ಒಂದು ತೊಡಕು ಮಾತ್ರ ಇತ್ತು. ಕೆಳಗೆ ಮರಳಿದ್ದರೂ ತೆರೆ ನಿಧಾನವಾಗುತ್ತದೆ, ಎದುರಿನಿಂದ ಹೊಳೆಯ ನೀರು ನೂಕಿ ಬಂದರೂ ನಿಧಾನವಾಗುತ್ತದೆ. ಯಾವುದು ಯಾವುದೆಂದು ಮೆಷಿನ್ನಿಗೆ ತಿಳಿಯದು. ಹಾಗಾಗಿ ತಿಳಿದ ಮನುಷ್ಯನ ಕಣ್ಣು ಬೇಕಾಯಿತು. ಆ ಕರಾವಳಿಯಲ್ಲಿ ಅಂಥ ಕಣ್ಣು ಉಳಿದಿದ್ದು ಜಟ್ಟಪ್ಪನದೊಂದೇ.

ದಂಡೆಯಿಂದ ಎಳೆಯುವ ರಂಪಣಿ ಬಲೆಯ ಕಾಲದಲ್ಲಿ ಜಟ್ಟಪ್ಪ ಅದೇ ಗುಡ್ಡದ ಮೇಲೆ ಟವೆಲ್ಲು ಬೀಸುತ್ತಿದ್ದವನು. ನೀರಿನ ಬಣ್ಣ ಕೆಂಪಗಾದದ್ದು ನೋಡಿ ಬಂಗಡೆಯ ಹಿಂಡು ಎಲ್ಲಿದೆ ಎಂದು ಹೇಳುತ್ತಿದ್ದ. ಅವನ ಟವೆಲ್ಲು ಎಡಕ್ಕೆ ಹೋದರೆ ದೋಣಿ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಕೆಳಗೆ ಎಂಬತ್ತು ಜನ ಹಗ್ಗ ಹಿಡಿದು ಅವನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ದೊಡ್ಡ ಯಂತ್ರದ ದೋಣಿಗಳು ಬಂದವು, ಮೀನು ತೋರಿಸುವ ಪೆಟ್ಟಿಗೆ ಬಂತು, ರಂಪಣಿ ಬಲೆ ಹೆಗ್ಗಣದ ಪಾಲಾಯಿತು, ಗುಡ್ಡ ಖಾಲಿಯಾಯಿತು.

ಈಗ ಇನ್ನೊಂದು ಮಾತು. ತಾರಿಬೇಲೆಯ ನೀರಿನಲ್ಲಿ ಒಂದು ಜಾಗ ಇದೆ. ಅಳಿವೆಯ ಬಾಯಿಯ ತೆಂಕಣ ಬದಿ, ಎರಡು ಬಿಳಿ ನೊರೆಗಳ ನಡುವೆ ಕಪ್ಪಗೆ, ನುಣ್ಣಗೆ ಮಲಗಿರುವ ನೀರು. ತಿಳಿಯದವನು ನೋಡಿದರೆ ದಾರಿ ಅಂದರೆ ಇದೇ ಅಂದುಕೊಳ್ಳಬೇಕು, ಹಾಗಿದೆ. ಇಳಿತದ ಹೊತ್ತಿಗೆ ದೂರದ ಕಡಲಿನ ಉದ್ದ ತೆರೆ ಬಂದು ಹೊಳೆಯ ನೀರಿಗೆ ಎದುರಾದರೆ, ಅಲ್ಲಿಯವರೆಗೆ ಮಲಗಿದ್ದ ನೀರು ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಒಂದರ ಹಿಂದೆ ಒಂದು, ಮೂರು ಗೋಡೆ. ಆಮೇಲೆ ಮತ್ತೆ ನುಣ್ಣಗೆ. ಇಪ್ಪತ್ತೆರಡು ವರ್ಷದ ಹಿಂದೆ ಅದು ಜಟ್ಟಪ್ಪನ ಅಣ್ಣ ಮಂಕಾಳನನ್ನು ತೆಗೆದುಕೊಂಡಿತು.

ಆ ಜಾಗಕ್ಕೆ ಹೆಸರಿದೆ. ಆದರೆ ಒಂದು ಜಾಗ ಒಬ್ಬನನ್ನು ತೆಗೆದುಕೊಂಡರೆ ಆ ಮನೆಯವರು ಅದರ ಹೆಸರು ಎತ್ತಬಾರದು, ಬೆರಳು ತೋರಿಸಬಾರದು. ಕರೆದರೆ ಅದಕ್ಕೆ ಕೇಳಿಸುತ್ತದೆ, ಮನೆಯ ಇನ್ನೊಬ್ಬನನ್ನು ಕೇಳುತ್ತದೆ. ಇದು ಅಲ್ಲಿಯ ಕಟ್ಟಳೆ. ಮೂಢನಂಬಿಕೆ ಅಂತ ನಗುವವರು ನಗಲಿ. ನಕ್ಕವರು ಯಾರೂ ಅಲ್ಲಿ ದೋಣಿ ಹಾಕಿದವರಲ್ಲ. ಮತ್ತೆ ಆ ಕಟ್ಟಳೆಯಲ್ಲಿ ಬುದ್ಧಿ ಇರಲಿಲ್ಲ ಎಂದಲ್ಲ. ರಂಪಣಿ ದೋಣಿ ಆ ಕಡೆಗೆ ಸರಿದರೆ ಜಟ್ಟಪ್ಪ ಟವೆಲ್ಲು ಕೆಳಗಿಳಿಸಿ ಸಮುದ್ರಕ್ಕೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಅಷ್ಟೇ. ಬೆನ್ನು ಕಂಡ ಕೂಡಲೇ ಹುಟ್ಟು ಹಾಕುವವರು ಹೌಹಾರಿ ದೋಣಿ ತಿರುಗಿಸುತ್ತಿದ್ದರು. ಗಂಟಲು ಹರಿಯುವಂತೆ ಕೂಗಿದ್ದರೂ ಅಷ್ಟು ಕೆಲಸ ಆಗುತ್ತಿರಲಿಲ್ಲ.

ಮೆಷಿನ್ನಿಗೆ ಬೆನ್ನಿನ ಭಾಷೆ ಬರುತ್ತಿರಲಿಲ್ಲ.

ಮೀನಿಗೆ ಹಾಕುವ ಮಂಜುಗಡ್ಡೆ ಮಾಡುತ್ತಿದ್ದ ಊರ ಹಳೆಯ ಬರ್ಫಿನ ಕಾರ್ಖಾನೆಯೇ ಕಡಲ ಪಡೆಯವರ ನಿಯಂತ್ರಣ ಕೋಣೆ. ಗೋಡೆಗೆ ಹೊಸ ಬಣ್ಣ ಬಳಿದರೂ ಮೀನಿನ ವಾಸನೆ ಹೋಗಿರಲಿಲ್ಲ. ಹಂಚಿನಮನಿ ಮೇಡಂ ಅಲ್ಲಿಯ ವಿಜ್ಞಾನಿ. ಧಾರವಾಡದ ಕಡೆಯವರು, ಮೀನು ತಿನ್ನದವರು, ಒಳ್ಳೆಯವರು.

"ನೋಡ್ರಿ ಜಟ್ಟಪ್ಪನವರ, ಭಾಳ ಸಸಾರ ಅದ," ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರು. "ಚಿತ್ರ ಬರ್ತದ. ಅಪಾಯ ಅನಿಸಿದ್ರ ಕೆಂಪು ಗುಂಡಿ ಒತ್ರಿ. ದೋಣಿ ಹೋಗಬಹುದು ಅನಿಸಿದ್ರ ಹಸಿರು. ಹತ್ತು ಸೆಕೆಂಡಿಗೆ ಚಿತ್ರ ತಾನ ಮುಂದ ಹೋಗ್ತದ."

"ಗುಂಡಿ ಒತ್ತೂಕೆ ಕರ್ದ್ರಾ ನನ್ನ? ನಾ ಎಂತದೋ ದೊಡ್ಡ ಕೆಲ್ಸ ಅಂದ್ಕಂಡೆ," ಎಂದು ಜಟ್ಟಪ್ಪ ರೇಗಿದ. "ಕೋಳಿ ಕಾಳು ಹೆಕ್ಕಿದಂಗೆ ಕುಕ್ತಾ ಕೂತ್ಕಳ್ಳೂದು!"

"ನಿಮ್ಮ ಕಣ್ಣು ಅದಕ್ಕ ಕೊಡಾಕತ್ತೀರಿ. ಇದಕ್ಕಿಂತ ದೊಡ್ಡ ಕೆಲಸ ಯಾವುದದ ಹೇಳ್ರಿ."

ಆ ಮಾತಿಗೆ ಅವನು ಸೋತ. ಎಂಟು ತಿಂಗಳು ಕುಕ್ಕಿದ. ಸಾವಿರಾರು ಚಿತ್ರ. ಯಾವ ನೊರೆ ಬಂಡೆಯದು, ಯಾವುದು ಮರಳ ದಿಬ್ಬದ್ದು, ಯಾವ ನೀರು ಒಳಗೆಳೆಯುತ್ತದೆ ಎಲ್ಲ ತೋರಿಸಿದ. ಚಿತ್ರ ಮೂಡುವ ಹಲಗೆಯ ಮೇಲೆ ಆ ಜಾಗ ಬಂದಾಗ ಮಾತ್ರ ಹೆಗಲ ಟವೆಲ್ಲು ಕೈಗೆ ತೆಗೆದು ಎದ್ದು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಬಾಯಲ್ಲಿ ಯಾವಾಗಲೂ ಎಲೆಯಡಿಕೆಯ ಕವಳ.

"ಮತ್ತ ಉಗುಳಾಕ ಎದ್ರೇನು? ಹೊರಗ ಹೋಗಿ ಉಗುಳ್ರಪಾ, ಹೊಸ ಬಣ್ಣ ಅದ," ಎಂದು ಮೇಡಂ ನಗುತ್ತಿದ್ದರು.

ಹತ್ತು ಸೆಕೆಂಡು ಮುಗಿಯುತ್ತಿತ್ತು. ಗುಂಡಿ ಒತ್ತದ ಚಿತ್ರಕ್ಕೆ ಮೆಷಿನ್ನು ತಾನಾಗಿ "ಸಾಧಾರಣ ನೀರು" ಎಂದು ಬರೆದುಕೊಂಡು ಮುಂದಿನದು ತೆಗೆಯುತ್ತಿತ್ತು. ಇದು ಜಟ್ಟಪ್ಪನಿಗೆ ಗೊತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಬರದಿದ್ದರೆ ಮನುಷ್ಯನಾದವನು ಯಾಕೆ ಸುಮ್ಮನಾದೆ ಎಂದು ಇನ್ನೊಮ್ಮೆ ಕೇಳುತ್ತಾನೆ. ಮೆಷಿನ್ನು ಕೂಡ ಕೇಳುತ್ತದೆ ಎಂದೇ ಅವನು ನಂಬಿದ್ದ. ಊರಲ್ಲಿ ಬೇರೆ ಮನೆಯ ನೂರು ಬಾಯಿ ಇದ್ದವು, ಹೆಸರು ಹೇಳಬಹುದಾದ ಬಾಯಿಗಳು. ಗುಟ್ಟಿನ ಕೆಲಸ ಎಂದು ಪಡೆಯವರು ಒಬ್ಬರನ್ನೂ ಕೇಳಲಿಲ್ಲ.

ಮಂಕಾಳನ ಹೆಂಡತಿ ಶೇವಂತಿ ಜಟ್ಟಪ್ಪನ ಅಂಗಳದ ಆಚೆ ಬದಿಗೆ ಇದ್ದಳು. ಜಟ್ಟಪ್ಪನ ಹೆಂಡತಿ ಕಾಮಾಲೆಯಲ್ಲಿ ಹೋದ ಮೇಲೆ ಎರಡು ಮನೆಗೂ ಒಂದೇ ಒಲೆ. ಅವಳ ಮಗ ಪುರಂದರ. ಅಪ್ಪ ಹೋದಾಗ ನಾಲ್ಕು ವರ್ಷ. ಸಮುದ್ರದ ಕಣ್ಣಿಗೆ ಬೀಳುವುದು ಬೇಡ ಎಂದು ಅವಳು ಅವನನ್ನು ಘಟ್ಟದ ಮೇಲಿನ ಅಣ್ಣನ ಮನೆಗೆ ಕಳಿಸಿ ಓದಿಸಿದಳು. ಅವನು ಓದಿ ಕಡಲ ಪಡೆಗೇ ಸೇರಿದ. ಸೈನಿಕರನ್ನು ದಂಡೆಗಿಳಿಸುವ ದೋಣಿ ನಡೆಸುವ ಕೆಲಸ. ಶೇವಂತಿ ಮೂರು ದಿನ ಅನ್ನ ಬಿಟ್ಟಳು, ನಾಲ್ಕನೆಯ ದಿನ ಅವನ ಸಮವಸ್ತ್ರದ ಫೋಟೋಕ್ಕೆ ಚೌಕಟ್ಟು ಹಾಕಿಸಿದಳು.

ಆ ವರ್ಷ ದೀಪಾವಳಿ ಕಳೆದು ಪುರಂದರ ಎರಡು ದಿನದ ರಜೆಗೆ ಬಂದ. ಬಂದವನೇ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಸುಟ್ಟ ತಾರ್ಲೆ ಮೀನನ್ನು ಬಿಸಿಬಿಸಿ ಇದ್ದ ಹಾಗೆ ಬಾಯಿಗೆ ಹಾಕಿಕೊಂಡ.

"ಬಾಯಿ ಸುಡ್ತದೆ, ನಿಧಾನ ತಿನ್ನಾ. ಪಡೇಲಿ ಮೀನು ಕೊಡುದಿಲ್ವಾ?" ಎಂದಳು ಶೇವಂತಿ.

"ಕೊಡ್ತ್ರು ಆಯಿ. ಅವ್ರ ಮೀನ್ ಸಾರು ಅಂದ್ರೆ ಬಿಸಿನೀರಲ್ಲಿ ಮೀನು ಮಿಂದು ಎದ್ದು ಹೋದಂಗೆ."

ಜಟ್ಟಪ್ಪನಿಗೆ ನಗು ತಡೆಯದೆ ಕವಳ ನೆತ್ತಿಗೇರಿತು. ಪುರಂದರ ಅವನ ಬೆನ್ನು ತಟ್ಟುತ್ತ ದನಿ ತಗ್ಗಿಸಿದ. "ಚಿಕ್ಕಪ್ಪಾ, ಒಂದು ಸುದ್ದಿ. ಮುಂದಿನ ಅಮಾಸೆ ಆದ್ಮೇಲೆ ಇಲ್ಲೇ ಕವಾಯತು. ನಮ್ಮೂರ ದಂಡೆಗೇ ದೋಣಿ ಹತ್ಸೂದು. ಮೊದ್ಲನೇ ದೋಣಿ ನಂದು."

ಶೇವಂತಿಯ ಕೈಯಲ್ಲಿದ್ದ ಇಕ್ಕಳ ನಿಂತಿತು.

"ಯಾವ ಬದಿಗೆ?" ಎಂದ ಜಟ್ಟಪ್ಪ.

"ಅದು ನಮ್ಗೆ ಗೊತ್ತಿರೂದಿಲ್ಲ. ಅವತ್ತು ನಿನ್ನ ಮೆಷಿನ್ನೇ ಹೇಳ್ತದೆ. ಉಳ್ದವ್ರೆಲ್ಲ ಹೆದ್ರಕಂಡವ್ರೆ, ಹೊಸ ಮೆಷಿನ್ನು ಎಂತ ಮಾಡ್ತದ್ಯೋ ಅಂತ. ನಾ ಹೇಳ್ದೆ, ಅದ್ರಲ್ಲಿ ಇರೂದು ನಮ್ಮ ಚಿಕ್ಕಪ್ಪನ ಕಣ್ಣು, ನಂಗೆ ಎಂತ ಹೆದ್ರಿಕೆ ಅಂತ."

ಅಪ್ಪ ಸಮುದ್ರದಲ್ಲಿ ಹೋದ ಎಂದಷ್ಟೇ ಪುರಂದರನಿಗೆ ಗೊತ್ತು. ಎಲ್ಲಿ ಎಂದು ಯಾರೂ ಹೇಳಿರಲಿಲ್ಲ. ಮನೆಯ ಮಕ್ಕಳು ಇಂಥದ್ದನ್ನು ಕೇಳಿ ಕಲಿಯುವುದಿಲ್ಲ, ಗುಡ್ಡದ ಮೇಲಿನವನ ಬೆನ್ನು ನೋಡಿ ಕಲಿಯುತ್ತಾರೆ. ಇವನು ಬೆಳೆಯುವ ಹೊತ್ತಿಗೆ ಗುಡ್ಡದ ಮೇಲೆ ಬೆನ್ನೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಪುರಂದರ ಮೀಯಲು ಹೋದಾಗ ಜಟ್ಟಪ್ಪ ಬಾವಿಕಟ್ಟೆಯ ಹತ್ತಿರ ಶೇವಂತಿಯನ್ನು ತಡೆದ. "ಅತ್ಗೆ, ಹುಡ್ಗನಿಗೆ ಒಂದು ಮಾತು ಹೇಳ್ಬಿಡ್ವಾ?"

ಅವಳಿಗೆ ಯಾವ ಮಾತೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. "ನೀ ಬಾಯಿ ಬಿಟ್ರೆ ಈ ಬಾವಿಗೆ ಹಾರ್ತೆ ನೋಡು," ಎಂದಳು. "ಒಬ್ಬನ್ನ ಕೊಟ್ಟದ್ದು ಸಾಕಾಗ್ಲಿಲ್ವಾ? ಹೆಸ್ರು ಹೇಳಿ ಕರ್ದು ಇವನ್ನೂ ಕೊಡ್ಬೇಕಾ?"

"ಅಲ್ಲಾ ಅತ್ಗೆ..."

"ಎರಡು ಮೈಲು ಬರೀ ಮರಳು ಅದೆ ಬಡಗ ಬದಿಗೆ. ಅದ್ ಬಿಟ್ಟು ಅಲ್ಲಿಗೆ ಯಾರು ಹೋಗ್ತ್ರು? ಕಣ್ಣಿಲ್ವಾ ಅವ್ರಿಗೆ?"

ಹೌದು ಅನ್ನಿಸಿತು ಜಟ್ಟಪ್ಪನಿಗೆ. ಹೌದು ಅನ್ನಿಸಬೇಕಾಗಿತ್ತು, ಅನ್ನಿಸಿತು. ಪುರಂದರ ಒದ್ದೆ ತಲೆಯಲ್ಲಿ ಬಂದು ಕಾಲಿಗೆ ಬಿದ್ದಾಗ ನಾಲಿಗೆಯ ತುದಿಯಲ್ಲಿದ್ದದ್ದನ್ನು ಕವಳದ ಜೊತೆ ನುಂಗಿಕೊಂಡ.

ಕವಾಯತಿನ ದಿನ ಬೆಳಿಗ್ಗೆ ಒಂಬತ್ತೂವರೆ. ಬಿಸಿಲು ನೆಟ್ಟಗಿತ್ತು, ಗಾಳಿ ಇರಲಿಲ್ಲ, ಇಳಿತ ಶುರುವಾಗಿ ಒಂದು ತಾಸು ಆಗಿತ್ತು. ಬರ್ಫಿನ ಕಾರ್ಖಾನೆಯೊಳಗೆ ಕಾಲಿಡಲು ಜಾಗವಿಲ್ಲದಷ್ಟು ಸಾಹೇಬರು. ಮೇಡಂ ಜಟ್ಟಪ್ಪನಿಗೆ ಕುರ್ಚಿ ಕೊಡಿಸಿ ದೊಡ್ಡ ಸಾಹೇಬನಿಗೆ ಪರಿಚಯ ಮಾಡಿಸಿದರು. "ಸರ್, ನಮ್ಮ ಮೆಷಿನ್ನಿನ ಗುರುಗಳು ಇವರ." ಸಾಹೇಬ ಅವನ ಕೈ ಕುಲುಕಿದ. ಜಟ್ಟಪ್ಪ ಅವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ.

ಹಲಗೆಯ ಮೇಲೆ ಇಡೀ ತಾರಿಬೇಲೆ ಹರಡಿಕೊಂಡಿತ್ತು. ದೂರದಲ್ಲಿ ಹಡಗು, ಅದರಿಂದ ಇಳಿದ ಮೂರು ದೋಣಿ, ಮೂರು ಬಿಳಿ ಚುಕ್ಕೆ. ಮೆಷಿನ್ನು ಒಂದು ಕ್ಷಣ ಯೋಚಿಸಿತು. ಬಡಗಿನ ಮರಳದಂಡೆಯಲ್ಲಿ ನೊರೆ ಹೆಚ್ಚು, ದಿಬ್ಬ ಹೆಚ್ಚು. ಅದನ್ನು ಬಿಟ್ಟಿತು. ಹಸಿರು ಗೆರೆ ಹಡಗಿನಿಂದ ಹೊರಟು ಬಳುಕುತ್ತ ತೆಂಕಣಕ್ಕೆ ತಿರುಗಿತು. ಅಳಿವೆಯ ಬಾಯಿಯ ಪಕ್ಕ ಎರಡು ಬಿಳಿ ನೊರೆಗಳ ನಡುವಿನ ಕಪ್ಪು ನೀರಿನ ಮೇಲೆ ಸೂಜಿಗೆ ದಾರ ಪೋಣಿಸಿದ ಹಾಗೆ ಹಾದು ದಂಡೆಗೆ ಮುಟ್ಟಿತು.

ಜಟ್ಟಪ್ಪ ಎದ್ದ. ಟವೆಲ್ಲು ಕೈಗೆ ಬಂತು, ಕೆಳಗಿಳಿಯಿತು. ಅವನು ಗೋಡೆಯ ಕಡೆಗೆ ಮುಖ ಮಾಡಿ ನಿಂತ. ಮಾಡಬೇಕೆಂದು ಮಾಡಿದ್ದಲ್ಲ. ಅಣ್ಣ ಹೋದಂದಿನಿಂದ ಆ ಮೈ ಕಲಿತದ್ದೇ ಅಷ್ಟು.

"ಈಗ ಎದ್ರೇನ್ರಿ? ಸ್ವಲ್ಪ ತಡೀರಿ, ದೋಣಿ ಬರಾಕತ್ತಾವ," ಎಂದು ಮೇಡಂ ಪಿಸುಗುಟ್ಟಿದರು.

ಅವನು ನಿಂತೇ ಇದ್ದ. ನೋಡಲಿ, ಯಾರಾದರೂ ನೋಡಲಿ, ಬೆನ್ನು ನೋಡಲಿ. ಕೋಣೆಯ ತುಂಬ ಓದಿದವರು. ಒಬ್ಬನೂ ಹೌಹಾರಲಿಲ್ಲ. ಹಿಂದೆ ಯಾರೋ ಇಂಗ್ಲಿಷಿನಲ್ಲಿ ದೂರ ಎಣಿಸುತ್ತಿದ್ದರು. ಎಂಟುನೂರು. ಆರುನೂರು. ಆರುನೂರು ಎಂದದ್ದು ಕೇಳಿ ಜಟ್ಟಪ್ಪನ ಬೆನ್ನು ಸೋತಿತು. ಅವನು ತಿರುಗಿದ. ಇಪ್ಪತ್ತೆರಡು ವರ್ಷ ಹಲ್ಲು ಕಚ್ಚಿ ಹಿಡಿದದ್ದು ಹೊರಬಿತ್ತು.

"ಕರಿಕಂಡಿ! ಅದು ಕರಿಕಂಡಿ! ನಿಲ್ಸಿ! ನಮ್ಮ ಮಂಕಾಳಣ್ಣನ್ನ ತಕಂಡ ಜಾಗ ಅದು! ಹುಡ್ಗ ದೋಣೀಲಿ ಅವ್ನೆ, ನಿಲ್ಸಿ ಅಂದೆ!"

ದೊಡ್ಡ ಸಾಹೇಬ ಸಿಟ್ಟಿನಿಂದ ತಿರುಗಿದ. ಮೇಡಂ ಜಟ್ಟಪ್ಪನ ಮುಖ ನೋಡಿದರು, ಟವೆಲ್ಲು ನೋಡಿದರು. ಎಂಟು ತಿಂಗಳ ಉಗುಳು ಏನೆಂದು ಆ ಹೆಂಗಸಿಗೆ ಒಂದೇ ಸಲಕ್ಕೆ ಅರ್ಥವಾಯಿತು. "ಸರ್, ವಾಪಸ್ ಕರೀರಿ! ದೋಣಿ ವಾಪಸ್!" ಎಂದು ಕಿರುಚಿ ತಾವೇ ಮೈಕು ಕಿತ್ತುಕೊಂಡರು.

ಪುರಂದರ ಒಳ್ಳೆಯ ಸೈನಿಕ. ಹೇಳಿದ್ದು ಕೇಳಿದ. ಕಪ್ಪು ನೀರಿನ ನಡುಮಧ್ಯದಲ್ಲಿ ದೋಣಿ ತಿರುಗಿಸಿದ. ತೆರೆಗೆ ಅಡ್ಡ ಆದದ್ದು ನಾಲ್ಕೈದು ಸೆಕೆಂಡು ಇರಬಹುದು.

ಹಲಗೆಯ ಮೇಲೆ ಮೊದಲನೆಯ ಗೋಡೆ ಎದ್ದದ್ದು ತೆಳ್ಳನೆಯ ಒಂದು ಬಿಳಿ ಗೀಟಿನ ಹಾಗೆ ಕಂಡಿತು. ಎರಡನೆಯದು. ಮೂರನೆಯದು. ಆಮೇಲೆ ಮತ್ತೆ ನುಣ್ಣಗೆ ಕಪ್ಪು ನೀರು. ಬಿಳಿ ಚುಕ್ಕೆ ಮೂರಿದ್ದದ್ದು ಎರಡಾಗಿತ್ತು. ಹಸಿರು ಗೆರೆ ಇದ್ದ ಜಾಗದಲ್ಲೇ ಇತ್ತು, ಹಸಿರಾಗಿಯೇ ಇತ್ತು.

ಹನ್ನೊಂದು ಜನ ಇದ್ದರು ಆ ದೋಣಿಯಲ್ಲಿ. ಏಳು ಜನ ಬದುಕಿದರು. ಪುರಂದರ ಎರಡನೆಯ ದಿನ ಅಳಿವೆಯೊಳಗೆ, ಕಾಂಡ್ಲ ಗಿಡದ ಬೇರಿಗೆ ಸಿಕ್ಕಿಕೊಂಡು ಸಿಕ್ಕಿದ. ಅವನಪ್ಪ ಸಿಕ್ಕಿದ್ದೂ ಅಲ್ಲೇ.

ಶೇವಂತಿ ಅಳಲಿಲ್ಲ. ಹೆಣ ತಂದ ದಿನ ಜಟ್ಟಪ್ಪನ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿದಳು. "ಹೆಸ್ರು ಹೇಳಿದ್ಯಾ?"

"ಹೇಳ್ದೆ ಅತ್ಗೆ."

"ದೋಣಿ ಮುಳುಗೂಕೆ ಮೊದ್ಲಾ, ಆಮೇಲಾ?"

"ಮೊದ್ಲು."

ಅವಳು ತಲೆಯಾಡಿಸಿ ಒಳಗೆ ಹೋದಳು. ಅಂದಿನಿಂದ ಅಂಗಳದಲ್ಲಿ ಎರಡು ಒಲೆ ಉರಿದವು.

ಜಟ್ಟಪ್ಪ ಅವಳಿಗೆ ಏನು ಹೇಳಬೇಕಿತ್ತು? ಹೆಸರು ಹೇಳಿದ್ದಕ್ಕೆ ಹುಡುಗ ಹೋದನೋ, ಎಂಟು ತಿಂಗಳು ಹೇಳದೆ ಇದ್ದದ್ದಕ್ಕೆ ಹೋದನೋ ಎಂದು ಅವನಿಗೇ ತಿಳಿಯದು. ವಿಚಾರಣೆ ಮಾಡಿದವರಿಗೆ ಮಾತ್ರ ಎಲ್ಲ ತಿಳಿದಿತ್ತು. ಮೂರು ತಿಂಗಳ ಮೇಲೆ ವರದಿ ಬಂತು. ಮೆಷಿನ್ನು ತೋರಿಸಿದ ದಾರಿ ಸರಿಯಾಗಿತ್ತಂತೆ, ಆಳ ಸಾಕಷ್ಟಿತ್ತಂತೆ. ನಿಯಂತ್ರಣ ಕೋಣೆಯಲ್ಲಿ ಹೊರಗಿನ ವ್ಯಕ್ತಿಯೊಬ್ಬ ಕೂಗಾಡಿದ್ದರಿಂದ ತಪ್ಪು ಆಜ್ಞೆ ಹೋಗಿ ದೋಣಿ ಅಡ್ಡ ತಿರುಗಿತಂತೆ. ಅಷ್ಟೇ. ಹೊರಗಿನ ವ್ಯಕ್ತಿ! ಮೊನ್ನೆ ಗುರುಗಳು ಎಂದು ಕೈ ಕುಲುಕಿದವರು ಬರೆದ ಮಾತು ಅದು. ಓದಿದವರು ಸುಳ್ಳು ಹೇಳಬೇಕಾದರೆ ಒಂದೊಂದು ಅಕ್ಷರವನ್ನೂ ನಿಜದಿಂದಲೇ ಕಟ್ಟುತ್ತಾರೆ.

ವರದಿ ಬಂದ ವಾರ ಹಂಚಿನಮನಿ ಮೇಡಂ ಜಟ್ಟಪ್ಪನ ಜಗಲಿಗೆ ಬಂದು ಕೂತರು. ನೀರು ಕೊಟ್ಟರೆ ಲೋಟ ಕೈಯಲ್ಲೇ ಹಿಡಿದುಕೊಂಡರು.

"ನಾ ಬಿಟ್ಟು ಹೊಂಟೀನ್ರಿ," ಎಂದರು. "ಆ ಜಾಗ ಕೆಂಪು ಮಾಡ್ಸಾಕ ನೋಡಿದೆ. ಮ್ಯಾಲಿನವರು ವರದಿ ತೋರಿಸಿದ್ರು. ಮೆಷಿನ್ನಿಗೇ ಮತ್ತ ಕಲಿಸೋಣ ಅಂತ ನಿಮ್ಮ ಕೂಗು ಅದಕ್ಕ ಕೊಟ್ಟೆ. ತಗೊಳ್ಳಲಿಲ್ಲ ಅದು."

"ಎಂತಕೆ?"

"ಅದರ ಲೆಕ್ಕದಾಗ ನೀವು ಆ ನೀರು ನೋಡಿ ನಾನೂರಾ ಹನ್ನೊಂದು ಸಲ ಏನಿಲ್ಲ ಅಂದೀರಿ. ಒಂದು ಸಲ ಅದ ಅಂದೀರಿ. ಆ ಒಂದನ್ನ ತಪ್ಪು ಅಂತ ತಗದು ಹಾಕ್ತದ."

"ನಾ ಏನಿಲ್ಲ ಅಂತ ಯಾವಾಗ ಹೇಳ್ದೆ? ನಾ ಬೆನ್ನು ಹಾಕಿ ನಿಂತೆ. ನೀವೇ ನೋಡಿದ್ರಿ!"

"ನೋಡಿದೆ," ಎಂದರು ಮೇಡಂ. "ಒಂದು ಸಲನೂ ಯಾಕ ಅಂತ ಕೇಳಲಿಲ್ಲ ನಾ."

ಎದ್ದು ಹೋಗುವಾಗ ಹೇಳಿಹೋದರು. ಈಗ ಆ ಮೆಷಿನ್ನು ಒಂದೇ ಗುಡ್ಡದಲ್ಲಿ ಇಲ್ಲ. ಜಟ್ಟಪ್ಪನ ಕಣ್ಣಿನ ನಲವತ್ತು ಪ್ರತಿ ತೆಗೆದು ನಲವತ್ತು ಅಳಿವೆಗಳ ಮೇಲೆ ಇಟ್ಟಿದ್ದಾರೆ. ಕಪ್ಪಗೆ ನುಣ್ಣಗೆ ಮಲಗಿದ ನೀರು ಕಂಡಲ್ಲೆಲ್ಲ ಅವು ಹಸಿರು ಗೆರೆ ಎಳೆಯುತ್ತಿವೆ.

ಅವತ್ತಿನಿಂದ ಜಟ್ಟಪ್ಪ ಇಳಿತದ ಹೊತ್ತಿಗೆ ಗುಡ್ಡ ಹತ್ತತೊಡಗಿದ. ಕ್ಯಾಮರಾದ ಎದುರು, ಬೇಲಿಯ ಈಚೆ, ಸಮುದ್ರಕ್ಕೆ ಬೆನ್ನು ಹಾಕಿ, ಟವೆಲ್ಲು ಇಳಿಬಿಟ್ಟು ನಿಲ್ಲುತ್ತಿದ್ದ. ಕಾವಲಿನವರು ಮೊದಮೊದಲು ಬೈದರು, ಆಮೇಲೆ ಮುದುಕನಿಗೆ ತಲೆ ಕೆಟ್ಟಿದೆ ಎಂದು ಬಿಟ್ಟರು. ಕ್ಯಾಮರಾದ ಗಾಜು ಅವನನ್ನೇ ನೋಡುತ್ತಿತ್ತು. ಅವನೂ ಅದನ್ನೇ ನೋಡುತ್ತಿದ್ದ. ನಾನೂರಾ ಹನ್ನೊಂದು ದಿನ ನಿಲ್ಲುತ್ತೇನೆ ಎಂದು ಅವನ ಲೆಕ್ಕ. ಅದರ ಮೇಲೆ ಇನ್ನೊಂದು.

ಒಂದು ದಿನ ಏದುಸಿರು ಬಿಡುತ್ತ ಶೇವಂತಿ ಹತ್ತಿ ಬಂದಳು. ಇಪ್ಪತ್ತೆರಡು ವರ್ಷದಲ್ಲಿ ಆ ಗುಡ್ಡಕ್ಕೆ ಅವಳು ಬಂದದ್ದು ಅದೇ ಮೊದಲು. ಜಟ್ಟಪ್ಪನ ಪಕ್ಕದಲ್ಲಿ, ಸಮುದ್ರಕ್ಕೆ ಮುಖ ಮಾಡಿ ನಿಂತಳು. ಕೈ ಎತ್ತಿ ನೇರ ಬೆರಳು ತೋರಿಸಿದಳು.

"ಕರಿಕಂಡಿ," ಎಂದಳು. "ಕರಿಕಂಡಿ. ಕರಿಕಂಡಿ. ಕೇಳ್ಸ್ತದ್ಯನೇ ನಿಂಗೆ?"

"ಅತ್ಗೆ, ಬೇಡ," ಎಂದ ಜಟ್ಟಪ್ಪ.

"ಎಂತಕೆ ಬೇಡ? ಇನ್ನು ಯಾರವ್ರೆ ಮನೇಲಿ ಅದು ಕರೂಕೆ?"

ಕೆಳಗೆ ನೀರು ಎದ್ದು ನಿಂತಿತು, ಮೂರು ಸಲ. ಬೆನ್ನು ಹಾಕಿ ನಿಂತ ಜಟ್ಟಪ್ಪ ಸದ್ದಿನಿಂದ ಎಣಿಸಿದ. ಶೇವಂತಿ ಬೆರಳು ಇಳಿಸಲಿಲ್ಲ.

ಬರ್ಫಿನ ಕಾರ್ಖಾನೆಯೊಳಗೆ ಆ ಹೊತ್ತಿನಲ್ಲಿ ಯಾರೂ ಇರಲಿಲ್ಲ. ಮೆಷಿನ್ನು ತನ್ನ ಕೆಲಸ ತಾನು ಮಾಡುತ್ತಿತ್ತು. ನೀರಿಗೆ ಅಡ್ಡ ಬಂದ ಎರಡು ಆಕಾರಗಳ ಸುತ್ತ ಅದು ಚೌಕ ಎಳೆಯಿತು, ಅಡೆತಡೆ ಎಂದು ಬರೆದುಕೊಂಡಿತು, ಅಳಿಸಿತು. ಅಳಿಸಿದ ಜಾಗಕ್ಕೆ ಹಿಂದಿನ ದಿನದ ನೀರು ತಂದು ತುಂಬಿತು. ಆ ಚಿತ್ರ ಈಗಲೂ ಇದೆ. ಅದರಲ್ಲಿ ಗುಡ್ಡ ಖಾಲಿ, ಗೆರೆ ಹಸಿರು, ನೀರು ಸಾಧಾರಣ.